ಬೀದಿಗೆ ಯಾವ ಮರ, ಉಳಿಸುವುದು ಹೇಗೆ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರಿಗೆ

ಲಂಡನ್, ಪ್ಯಾರಿಸ್ ಬೀದಿಗಳ ಚಿತ್ರಗಳಲ್ಲಿ ಸಾಲಾಗಿ ನಿಂತಿರುವ ಮರವನ್ನು ನೀವು ನೋಡಿಯೇ ಇರುತ್ತೀರಿ. ತೊಗಟೆ ಚಕ್ಕೆಚಕ್ಕೆಯಾಗಿ ಉದುರಿ, ಕಾಂಡದ ಮೇಲೆ ಬೂದು, ಹಳದಿ, ಹಸಿರು ಮಚ್ಚೆ ಬಿದ್ದಿರುತ್ತದೆ. ಅದು ಪ್ಲೇನ್ ಮರ. ಕಾಶ್ಮೀರದ ಚಿನಾರ್ ಇದೇ ಕುಲದ್ದು. ಲಂಡನ್ನಿನ ಪ್ಲೇನ್ ಈ ಚಿನಾರ್ ಮತ್ತು ಅಮೆರಿಕದ ಅದರ ದಾಯಾದಿ ಸೇರಿ ಹುಟ್ಟಿದ ಮಿಶ್ರತಳಿ. ಹೊಗೆ, ಧೂಳು, ಕಲ್ಲುಹಾಸು, ಕೊಂಬೆ ಕಡಿತ ಎಲ್ಲವನ್ನೂ ತಾಳಿಕೊಂಡು ಅದು ನಗರದ ಮರವಾಯಿತು.

ತಾಳಿಕೊಳ್ಳಲು ಮುಖ್ಯ ಕಾರಣವೊಂದು ಅದರ ಹುಟ್ಟೂರಿನಲ್ಲಿದೆ. ಗ್ರೀಸ್, ಟರ್ಕಿಯ ಕಡೆ ಚಿನಾರ್ ಕಾಡಾಗಿ ಬೆಳೆಯುವುದು ಹಳ್ಳದ ದಂಡೆಯಲ್ಲಿ, ಹೊಳೆಯ ಜಲ್ಲಿಕಲ್ಲಿನ ನಡುವೆ. ಅಲ್ಲಿ ನೆರೆ ಬಂದು ಬೇರಿನ ಮೇಲೆ ಮಣ್ಣು ಪೇರಿಸುತ್ತದೆ, ನೀರು ನಿಂತು ಬೇರಿಗೆ ಗಾಳಿ ಸಿಗದೆ ಹೋಗುತ್ತದೆ. ನಗರದ ಕಾಲುದಾರಿಯ ಕೆಳಗಿನ ಮಣ್ಣಿನಲ್ಲೂ ಇದೇ ತೊಂದರೆ: ರೋಲರ್ ಹೊಡೆದು ಗಟ್ಟಿಯಾದ ಮಣ್ಣಿನಲ್ಲಿ ಗಾಳಿಗೆ ಜಾಗವಿಲ್ಲ. ಹಳ್ಳದ ದಂಡೆಯಲ್ಲಿ ಬದುಕಲು ಕಲಿತ ಮರ ಬೀದಿಯಲ್ಲೂ ಬದುಕಿತು.

ಚಿನಾರ್ ಸಸಿ ಎಲ್ಲಾದರೂ ಸಿಕ್ಕರೂ ನಮ್ಮ ಜಿಲ್ಲೆಗಳಲ್ಲಿ ನೆಡಬೇಡಿ. ಅದು ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಶೀತನಾಡಿನ ಮರ. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲು ಅದಕ್ಕೆ ಹೇಳಿದ್ದಲ್ಲ. ಅದರಿಂದ ನಾವು ಕಲಿಯಬೇಕಾದ್ದು ಮರ ಆರಿಸುವ ಬಗೆಯನ್ನು. ಒಂದು ಮರ ನಮ್ಮ ಕಾಡು, ಗುಡ್ಡ, ಹಳ್ಳಗಳಲ್ಲಿ ಎಲ್ಲಿ ತಾನಾಗಿ ನಿಂತಿದೆ ಎಂದು ಮೊದಲು ನೋಡಿ. ಊರೊಳಗೆ ಅದೇ ತರಹದ ಜಾಗ ಎಲ್ಲಿದೆಯೋ ಅಲ್ಲಿಗೆ ಅದನ್ನು ತನ್ನಿ.

ಹಳ್ಳದ ಮರ, ಗುಡ್ಡದ ಮರ

ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯ ದಡವಾಗಲಿ, ನಂದಿಯ ಸುತ್ತಲಿನ ಹಳ್ಳಗಳಾಗಲಿ, ಕೆರೆಯ ಹಿನ್ನೀರಿನ ಅಂಚಾಗಲಿ, ಅಲ್ಲಿ ಸಿಗುವ ಮುಖ್ಯ ಮರ ಹೊಂಗೆ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೂ, ಬೇಸಿಗೆಯಲ್ಲಿ ಮಣ್ಣು ಬಿರುಕು ಬಿಟ್ಟರೂ ಅದು ತಡೆಯುತ್ತದೆ. ಮೂರು ಜಿಲ್ಲೆಗಳ ಬೀದಿಗೂ ಒಂದೇ ಮರ ಹೇಳಿ ಎಂದರೆ ನಮ್ಮ ಉತ್ತರ ಹೊಂಗೆ. 12ರಿಂದ 15 ಮೀಟರ್ ಎತ್ತರ, ದಟ್ಟ ನೆರಳು, ಎಲೆ ಉದುರಿ ಬೋಳಾಗಿ ನಿಲ್ಲುವುದು ಸ್ವಲ್ಪ ದಿನ ಮಾತ್ರ. ಬಿಸಿಲು ಏರುವ ಹೊತ್ತಿಗೆ ಹೊಸ ಎಲೆ ತುಂಬಿರುತ್ತದೆ. ಮೇಕೆಗಳಿಗೂ ಅದರ ಎಲೆ ಅಷ್ಟಾಗಿ ರುಚಿಸುವುದಿಲ್ಲ, ಕಾವಲಿಲ್ಲದ ಬೀದಿಯಲ್ಲಿ ಇದು ಸಣ್ಣ ಅನುಕೂಲವಲ್ಲ. ಹೊಳೆಮತ್ತಿ, ಹೊಳೆದಾಸವಾಳ, ನೇರಳೆ ಕೂಡ ನೀರಿನ ಬದಿಯ ಮರಗಳೇ. ಚರಂಡಿಯ ಪಕ್ಕ, ತಗ್ಗಿನ ಬಡಾವಣೆ, ಮಳೆನೀರು ಹರಿದು ಬಂದು ನಿಲ್ಲುವ ತಿರುವುಗಳಿಗೆ ಇವು ಸರಿ. ನೇರಳೆಯನ್ನು ಮಾತ್ರ ವಾಹನ ಓಡಾಡುವ ರಸ್ತೆಯ ಮೇಲೆ ಚಾಚುವಂತೆ ನೆಡಬೇಡಿ. ಹಣ್ಣು ಉದುರುವ ತಿಂಗಳಲ್ಲಿ ದ್ವಿಚಕ್ರ ವಾಹನಗಳು ಜಾರುತ್ತವೆ. ಉದ್ಯಾನ, ಶಾಲೆಯ ಅಂಗಳ ಅದಕ್ಕೆ ಒಳ್ಳೆಯದು.

ಗುಡ್ಡದ ಬುಡದ ಕೆಂಪು ಮೊರಂ, ಬಂಡೆ, ನೀರು ಬಸಿದು ಹೋಗುವ ಏರು ಬೇರೆಯೇ ಮರಗಳ ನೆಲೆ. ಬೇವು, ಕಕ್ಕೆ, ತಪಸಿ, ಮುತ್ತುಗ, ಕಮರ, ದಿಂಡಿಗ, ಬಿಲ್ವ ಅಲ್ಲಿ ನಿಲ್ಲುತ್ತವೆ. ಪಾವಗಡ, ಮಧುಗಿರಿ, ಶಿರಾ, ಬಾಗೇಪಲ್ಲಿ, ಗುಡಿಬಂಡೆಯಂಥ ಒಣ ತಾಲ್ಲೂಕುಗಳಲ್ಲಿ, ಅಥವಾ ಕೋಲಾರದ ಅಂತರಗಂಗೆ ಬೆಟ್ಟದ ಬುಡದ ಇಳಿಜಾರು ಬೀದಿಗಳಲ್ಲಿ ಇವುಗಳಿಂದ ಆರಿಸಿ. ಇವುಗಳನ್ನು ತಂದು ನೀರು ನಿಲ್ಲುವ ತಗ್ಗಿನಲ್ಲಿ ನೆಟ್ಟರೆ ಎರಡನೇ ಮಳೆಗಾಲಕ್ಕೆ ಬೇರು ಕೊಳೆಯುತ್ತದೆ. ಬೇವು ಎಲ್ಲಿಯಾದರೂ ಬೆಳೆಯುತ್ತದೆ ಎಂಬ ನಂಬಿಕೆಯಿಂದ ಹೆಚ್ಚು ಸಸಿಗಳು ಸಾಯುವುದು ಹೀಗೆಯೇ.

ಆಲ, ಅರಳಿ, ಗೋಣಿ, ಬಸರಿ, ಹುಣಸೆಗಳಿಗೆ ವಿಶಾಲ ಜಾಗ ಬೇಕು. 20 ಅಡಿ ರಸ್ತೆಯ ಬಡಾವಣೆಗೆ ಇವನ್ನು ತರುವುದು ಮರಕ್ಕೂ ಮನೆಗೂ ಅನ್ಯಾಯ. ಹಳೆಯ ಊರುಗಳ ಗುಂಡುತೋಪು, ಹೆದ್ದಾರಿಯಿಂದ ಒಳಗೆ ಸರಿದ ಹಳ್ಳಿ ರಸ್ತೆ, ಸಂತೆ ಮೈದಾನ ಇವುಗಳ ಜಾಗ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ ಹುಲಿಕಲ್–ಕುದೂರು ನಡುವೆ ಬೆಳೆಸಿದ್ದು ಆಲದ ಸಾಲು, ತೆರೆದ ಹಳ್ಳಿ ರಸ್ತೆಯ ಇಕ್ಕೆಲದಲ್ಲಿ. ಮರ ಮತ್ತು ಜಾಗ ಹೊಂದಿದರೆ ಆಗುವುದೇನು ಎಂಬುದನ್ನು ಅಲ್ಲಿ ಹೋಗಿ ನೋಡಬಹುದು.

ವಿದ್ಯುತ್ ತಂತಿಯ ಕೆಳಗಾದರೆ ಕಂಚುವಾಳ, ದೇವಕಣಗಿಲೆ, ಪಾರಿಜಾತದಂಥ ಗಿಡ್ಡ ಮರಗಳೇ ಆಗಬೇಕು. ತಂತಿಯ ಕೆಳಗೆ ನೆಟ್ಟ ಹೊಂಗೆ ಜೀವನಪೂರ್ತಿ ತಲೆ ಕಡಿಸಿಕೊಂಡೇ ಇರುತ್ತದೆ.

ಗುಲ್‌ಮೊಹರ್, ಹಳದಿ ಹೂವಿನ ಪೆಲ್ಟೊಫೋರಂ, ಸ್ಪ್ಯಾಥೋಡಿಯಾ ಬೇಗ ಬೆಳೆಯುತ್ತವೆ, ಹೂವು ಕಣ್ಣು ತುಂಬುತ್ತದೆ. ಆದರೆ ಮರ ಮೆದು. ಏಪ್ರಿಲ್–ಮೇ ತಿಂಗಳ ಗಾಳಿಮಳೆಯಲ್ಲಿ ಕಾರಿನ ಮೇಲೆ ಬೀಳುವುದು ಬಹುಪಾಲು ಇವೇ. ಮಳೆ ಮರದ (ರೈನ್ ಟ್ರೀ) ಕೊಡೆ 20 ಮೀಟರಿಗೂ ಅಗಲ ಹರಡುತ್ತದೆ. ಹಳೆಯ ಅಗಲ ರಸ್ತೆಗಳಲ್ಲಿ ಇದ್ದರೆ ಕಾಪಾಡಿ, ಹೊಸದಾಗಿ ಬಡಾವಣೆಗೆ ತರಬೇಡಿ.

ಒಂದು ಬೀದಿಗೆ ಪೂರ್ತಿ ಒಂದೇ ಜಾತಿ ನೆಟ್ಟರೆ ನೋಟ ಚೆಂದ. ಅಪಾಯ ಏನೆಂಬುದನ್ನು ಫ್ರಾನ್ಸಿನ ಮಿಡಿ ಕಾಲುವೆ ತೋರಿಸಿದೆ. ಅದರ ದಂಡೆಯಲ್ಲಿ ಸುಮಾರು 42,000 ಪ್ಲೇನ್ ಮರಗಳಿದ್ದವು. 2006ರಲ್ಲಿ ಕಾಣಿಸಿಕೊಂಡ ಶಿಲೀಂಧ್ರ ರೋಗ ಬೇರಿನಿಂದ ಬೇರಿಗೆ ದಾಟುತ್ತಾ, ನೀರಿನಲ್ಲಿ ಹರಿಯುತ್ತಾ ಸಾವಿರಾರು ಮರಗಳನ್ನು ಕಡಿಯುವಂತೆ ಮಾಡಿತು. ನಮ್ಮಲ್ಲಿ 10 ಸಸಿ ನೆಡುವುದಾದರೆ 4 ಹೊಂಗೆ, ಉಳಿದ 6ಕ್ಕೆ ಮೂರು ಬೇರೆ ಜಾತಿ. ಅಕ್ಕಪಕ್ಕ ಒಂದೇ ಜಾತಿ ಬರದಂತೆ ಬೆರೆಸಿ.

ಜಾಗ ಅಳೆಯಿರಿ

ಗುದ್ದಲಿ ಹಿಡಿಯುವ ಮುಂಚೆ ಟೇಪು ಹಿಡಿಯಿರಿ. ಹೊಂಗೆಯಂಥ ಮಧ್ಯಮ ಮರಕ್ಕೆ ಮನೆ ಗೋಡೆಯಿಂದ ಕನಿಷ್ಠ 3 ಮೀಟರ್, ದೊಡ್ಡ ಮರಕ್ಕೆ 6 ಮೀಟರ್, ಆಲ–ಅರಳಿ ಜಾತಿಗೆ 10 ಮೀಟರಿಗಿಂತ ಹೆಚ್ಚು ದೂರ ಬಿಡಿ. ನೀರಿನ ಪೈಪು, ಒಳಚರಂಡಿಯಿಂದ 2 ಮೀಟರ್. ಬೀದಿದೀಪದ ಕಂಬದಿಂದ 5 ಮೀಟರ್. ರಸ್ತೆ ಕೂಡುವ ಮೂಲೆಯಿಂದ 8–10 ಮೀಟರ್, ಇಲ್ಲವಾದರೆ ಎದುರಿನ ವಾಹನ ಕಾಣುವುದಿಲ್ಲ. ಮರದಿಂದ ಮರಕ್ಕೆ 8 ಮೀಟರ್ ಇರಲಿ. ಬೇಗ ನೆರಳಾಗಲಿ ಎಂದು 3 ಮೀಟರಿಗೊಂದು ನೆಟ್ಟರೆ ಬೆಳಕಿಗಾಗಿ ಎಲ್ಲವೂ ಸಣಕಲಾಗಿ ಎದ್ದು ರಸ್ತೆಯ ಕಡೆ ವಾಲುತ್ತವೆ.

ನೆಲದೊಳಗೆ ಏನಿದೆ ಎಂದು ಪಾಲಿಕೆ ಅಥವಾ ನಗರಸಭೆಯ ನೀರು ಬಿಡುವವರನ್ನು ಕೇಳಿ. ಅವರಿಗೆ ಪೈಪಿನ ದಾರಿ ನಕ್ಷೆಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅನಿಲ ಕೊಳವೆ, ಕೇಬಲ್ ಹೋಗಿರುವಲ್ಲಿ ಎಚ್ಚರಿಕೆಯ ಕಲ್ಲು ಅಥವಾ ಫಲಕ ಇರುತ್ತದೆ, ಅಲ್ಲಿ ಹಾರೆ ಹಾಕಲೇಬೇಡಿ. ರಸ್ತೆಬದಿ ಸರ್ಕಾರಿ ಜಾಗವಾದ್ದರಿಂದ ಸ್ಥಳೀಯ ಸಂಸ್ಥೆಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಮುಂದೆ ರಸ್ತೆ ಕೆಲಸಕ್ಕೆ ಬಂದವರಿಗೆ ತೋರಿಸಲು ಅದು ಬೇಕಾಗುತ್ತದೆ.

ಸಸಿ ಆರಿಸುವುದು

ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಬೇರೆ ಬೇರೆ ಅಳತೆಯ ಕವರುಗಳಲ್ಲಿ ಸಸಿ ಸಿಗುತ್ತವೆ. ಹೊಲ, ಗುಡ್ಡಕ್ಕೆ 6×9 ಅಂಗುಲ ಕವರಿನ ಎಳೆ ಸಸಿಯೇ ಉತ್ತಮ. ಬೀದಿಗೆ 10×16 ಅಥವಾ 14×20 ಕವರಿನದು, 5–6 ಅಡಿ ಎತ್ತರದ್ದು ಬೇಕು. ಎತ್ತರಕ್ಕಿಂತ ದಪ್ಪ ನೋಡಿ: ಬುಡ ಹೆಬ್ಬೆರಳಿಗಿಂತ ತೆಳ್ಳಗಿದ್ದು ಕೋಲು ಕಟ್ಟಿದ್ದರಿಂದಷ್ಟೇ ನಿಂತಿರುವ 8 ಅಡಿ ಸಸಿಗಿಂತ ತಾನಾಗಿ ನಿಲ್ಲುವ 5 ಅಡಿ ಸಸಿ ಮೇಲು. ತುದಿ ಒಂದೇ ಇರಬೇಕು.

ಕವರಿನ ತಳ ಎತ್ತಿ ನೋಡಿ. ಬೇರು ಕವರು ತೂರಿ ನರ್ಸರಿ ನೆಲಕ್ಕೆ ಇಳಿದಿದ್ದರೆ ಕಿತ್ತಾಗ ತಾಯಿಬೇರು ತುಂಡಾಗಿರುತ್ತದೆ, ಅಂಥದ್ದು ಬೇಡ. ಒಳಗೆ ಬೇರು ಸುತ್ತು ಹಾಕಿಕೊಂಡಿರುವುದು ಇನ್ನೂ ಕೆಟ್ಟದ್ದು. ಸುತ್ತು ಬಿದ್ದ ಬೇರು ನೆಟ್ಟ ಮೇಲೂ ಸುತ್ತುತ್ತಲೇ ದಪ್ಪವಾಗುತ್ತದೆ. ಎಂಟು–ಹತ್ತು ವರ್ಷ ಮರ ಚೆನ್ನಾಗಿಯೇ ಕಾಣುತ್ತದೆ, ಆಮೇಲೆ ಒಂದು ಗಾಳಿಗೆ ಬುಡಸಮೇತ ಉರುಳುತ್ತದೆ. ಸಣ್ಣ ಸುತ್ತಾದರೆ ನೆಡುವಾಗ ಬ್ಲೇಡಿನಿಂದ ಮಣ್ಣುಂಡೆಯ ಮೂರು ಕಡೆ ಮೇಲಿಂದ ಕೆಳಕ್ಕೆ ಅರ್ಧ ಅಂಗುಲ ಆಳ ಸೀಳಿ, ತಳದ ಸುರುಳಿಯನ್ನು ಕತ್ತರಿಸಿ ತೆಗೆಯಿರಿ.

ಮನೆಯಲ್ಲೇ ಬೀಜದಿಂದ ಮಾಡುವವರಿಗೆ: ಹೊಂಗೆ ಬೀಜವನ್ನು ಕಾಯಿ ಒಡೆದು ಹಾಗೆಯೇ ಊರಬಹುದು, ಸುಮಾರು ಎರಡು ವಾರಕ್ಕೆ ಮೊಳೆಯುತ್ತದೆ. ಬೇವು, ನೇರಳೆ ಬೀಜಗಳಿಗೆ ಆಯುಷ್ಯ ಕಡಿಮೆ. ಹಣ್ಣು ಉದುರಿದ ಎರಡು ವಾರದೊಳಗೆ ತಿರುಳು ತೊಳೆದು ಊರಬೇಕು, ಡಬ್ಬದಲ್ಲಿಟ್ಟು ಮುಂದಿನ ವರ್ಷಕ್ಕೆ ಎಂದರೆ ಒಂದೂ ಹುಟ್ಟದು. ಕಕ್ಕೆ ಬೀಜದ ಸಿಪ್ಪೆ ಗಟ್ಟಿ. ಒಂದು ಕಡೆ ಒರಟು ಕಲ್ಲಿಗೆ ಉಜ್ಜಿ, ರಾತ್ರಿ ನೀರಲ್ಲಿ ನೆನೆಹಾಕಿ. ಆಲ, ಬಸರಿ, ಗೋಣಿಗೆ ಬೀಜ ಬೇಡ, ಗೂಟ ಸಾಕು: ಮಣಿಕಟ್ಟಿಗಿಂತ ದಪ್ಪದ, 7–8 ಅಡಿ ಉದ್ದದ ನೇರ ಕೊಂಬೆ ಕಡಿದು, ಹಾಲು ಸೋರುವುದು ನಿಲ್ಲುವವರೆಗೆ ನೆರಳಲ್ಲಿಟ್ಟು, ಬುಡವನ್ನು ಓರೆಯಾಗಿ ಕೊಯ್ದು ಎರಡೂವರೆ ಅಡಿ ಆಳ ಹೂಳಬೇಕು. ಮೇಲ್ತುದಿಗೆ ಸಗಣಿ ಮೆತ್ತಿದರೆ ಒಣಗುವುದಿಲ್ಲ. ತಲೆಕೆಳಗಾಗದಂತೆ ಕಡಿದ ಕೂಡಲೇ ಬುಡಕ್ಕೆ ಗುರುತು ಹಾಕಿ.

ಗುಣಿ

ಗುಣಿ ತೆಗೆಯುವುದು ಭರಣಿ ಮಳೆಗೆ ಮುಂಚೆ, ಏಪ್ರಿಲ್‌ನಲ್ಲಿ. ಬಿಸಿಲಿಗೆ ಮಣ್ಣು ಕಾಯಲಿ, ಮುಂಗಾರಿನ ಮೊದಲ ಹನಿಗಳು ಗುಣಿಯೊಳಗೇ ಇಂಗಲಿ. ಅಳತೆ 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳ. ಕೆಳಗೆ ಬಂಡೆ ಸಿಕ್ಕಿ ಆಳ ಹೋಗದಿದ್ದರೆ 2 ಅಡಿಗೆ ನಿಲ್ಲಿಸಿ ಅಗಲವನ್ನು 4 ಅಡಿ ಮಾಡಿ. ಬೇರು ಆಳಕ್ಕಿಂತ ಅಗಲಕ್ಕೆ ಹೆಚ್ಚು ಹರಡುತ್ತದೆ, ಆದ್ದರಿಂದ ನಷ್ಟವೇನಿಲ್ಲ. ಮೇಲಿನ ಒಂದು ಅಡಿ ಮಣ್ಣನ್ನು ಒಂದು ಕಡೆ, ಕೆಳಗಿನದನ್ನು ಇನ್ನೊಂದು ಕಡೆ ಹಾಕಿ. ಜೀವ ಇರುವುದು ಮೇಲ್ಮಣ್ಣಿನಲ್ಲಿ.

ಬೀದಿಯ ಗುಣಿಯಲ್ಲಿ ಸಿಗುವ ಸಿಮೆಂಟ್ ತುಂಡು, ಸುಣ್ಣದ ಗಾರೆ, ಟೈಲ್ಸ್ ಚೂರು, ಪ್ಲಾಸ್ಟಿಕ್ ಎಲ್ಲವನ್ನೂ ತೆಗೆದು ಹೊರಗೆ ಸಾಗಿಸಿ. ಸಿಮೆಂಟು ಬೆರೆತ ಮಣ್ಣು ಕ್ಷಾರವಾಗಿ ಸಸಿಗೆ ಕಬ್ಬಿಣಾಂಶ ಸಿಗದೆ, ಎಲೆಯ ನರ ಹಸಿರಾಗಿಯೇ ಉಳಿದು ನಡುವೆ ಹಳದಿಯಾಗುತ್ತದೆ. ಗೊಬ್ಬರ ಹಾಕಿ ಹಾಕಿ ಸೋತವರು ಒಮ್ಮೆ ಬುಡ ಅಗೆದು ನೋಡಲಿ, ಸಾಮಾನ್ಯವಾಗಿ ಅಲ್ಲಿ ಮನೆ ಕಟ್ಟಿದವರ ಗಾರೆಯ ಗುಡ್ಡೆ ಇರುತ್ತದೆ.

ಖಾಲಿ ಗುಣಿಗೆ ಎರಡು ಬಿಂದಿಗೆ ನೀರು ಸುರಿದು ಮರುದಿನ ನೋಡಿ. ಪೂರ್ತಿ ಇಂಗಿದ್ದರೆ ಸರಿ. ನೀರು ಹಾಗೇ ನಿಂತಿದ್ದರೆ ತಳ ಗಟ್ಟಿಯಾಗಿದೆ. ಹಾರೆಯಿಂದ ತಳದಲ್ಲಿ ನಾಲ್ಕೈದು ಕಡೆ ಒಂದು ಅಡಿ ಆಳ ತೂತು ಹೊಡೆದು ಮತ್ತೆ ಪರೀಕ್ಷಿಸಿ. ಆಗಲೂ ನಿಂತರೆ ಅಲ್ಲಿ ಹೊಂಗೆ ಅಥವಾ ಹೊಳೆಮತ್ತಿ ಮಾತ್ರ, ಅದೂ ಸುತ್ತಲ ನೆಲಕ್ಕಿಂತ ಅರ್ಧ ಅಡಿ ಎತ್ತರಿಸಿ.

ತುಂಬುವಾಗ ಕೆಳಮಣ್ಣು ಮೊದಲು, ಮೇಲಿನ ಅರ್ಧಕ್ಕೆ ಮೇಲ್ಮಣ್ಣಿನ ಜೊತೆ 15–20 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಕಾಲು ಕೆ.ಜಿ. ಬೇವಿನ ಹಿಂಡಿ ಬೆರೆಸಿ. ಮರಳು ಮಿಶ್ರಿತ ಕೆಂಪು ಮಣ್ಣಾದರೆ ನಾಲ್ಕೈದು ಬಾಂಡ್ಲಿ ಕೆರೆ ಗೋಡು ಸೇರಿಸಿ, ನೀರು ಹಿಡಿದಿಡುತ್ತದೆ. ಜೇಡಿಗೆ ಗೋಡು ಬೇಡ. ಹಸಿ ಸಗಣಿ ಹಾಕುವುದು ನಮ್ಮ ಕಡೆ ಸಾಮಾನ್ಯ ತಪ್ಪು. ಅದು ಕೊಳೆಯುವಾಗ ಕಾವು ಏರಿ ಎಳೆ ಬೇರನ್ನು ಸುಡುತ್ತದೆ, ಒಣಗಿದ ಮೇಲೆ ಗೆದ್ದಲನ್ನು ಕರೆಯುತ್ತದೆ. ಗೊಬ್ಬರ ಹೆಚ್ಚಾದರೂ ತೊಂದರೆಯೇ: ಕರಗುತ್ತಾ ಮಣ್ಣು ಕುಸಿದು ಸಸಿ ಒಳಕ್ಕಿಳಿಯುತ್ತದೆ. ತುಂಬಿದ ಗುಣಿ ಒಂದೆರಡು ಮಳೆ ಕುಡಿದು ಕೂರುವವರೆಗೆ ಕಾಯಿರಿ.

ನೆಡುವ ದಿನ

ಜೂನ್ 5ರ ಪರಿಸರ ದಿನಕ್ಕೆ ನೆಟ್ಟು ಫೋಟೋ ತೆಗೆಯುವುದು ರೂಢಿ. ಆದರೆ ನಮ್ಮ ಮೂರು ಜಿಲ್ಲೆಗಳಿಗೆ ನಂಬಿಕೆಯ ಮಳೆ ಬರುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಜೂನ್ ಮಳೆ ಬಂದು ಹೋದ ಮೇಲೆ ಗಾಳಿ ಬೀಸುವ ಒಣ ವಾರಗಳಲ್ಲಿ ಸಸಿ ಸೊರಗುತ್ತದೆ. ನೀರು ಹಾಕುವವರು ಗಟ್ಟಿಯಿದ್ದರೆ ಜೂನ್ ಆದೀತು. ಇಲ್ಲವಾದರೆ ಪುಷ್ಯ ಮಳೆಯಿಂದ ಹುಬ್ಬೆ ಮಳೆವರೆಗೆ, ಅಂದರೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ಭಾಗದೊಳಗೆ ನೆಟ್ಟು ಮುಗಿಸಿ. ಉತ್ತರೆ, ಹಸ್ತ, ಚಿತ್ತೆ ಮಳೆಗಳು ಬೇರು ಇಳಿಸುತ್ತವೆ. ಹೊತ್ತು ಇಳಿಬಿಸಿಲು.

ಕವರಿಗೆ ಹಿಂದಿನ ರಾತ್ರಿ ನೀರು ಹಾಕಿರಿ, ಉಂಡೆ ಒಡೆಯುವುದಿಲ್ಲ. ಗುಣಿಯ ನಡುವೆ ಉಂಡೆಯಷ್ಟೇ ಜಾಗ ಮಾಡಿ, ಕವರನ್ನು ಉದ್ದಕ್ಕೆ ಸೀಳಿ ಪೂರ್ತಿ ತೆಗೆಯಿರಿ. ತಳ ಮಾತ್ರ ಹರಿದು ಹೂಳುವವರಿದ್ದಾರೆ, ಹತ್ತು ವರ್ಷವಾದರೂ ಆ ಪ್ಲಾಸ್ಟಿಕ್ ಬೇರಿನ ಕತ್ತು ಹಿಡಿದಿರುತ್ತದೆ. ಕಾಂಡ ಅಗಲವಾಗಿ ಬೇರಾಗಿ ಬದಲಾಗುವ ಕೊರಳಿನ ಭಾಗ ನೆಲದ ಮಟ್ಟಕ್ಕೇ ಬರಬೇಕು. ಅದನ್ನು ಅಂಗೈ ಆಳಕ್ಕೆ ಹೂತರೂ ತೊಗಟೆ ಕೊಳೆಯಲು ಶುರು. ಮಣ್ಣು ತುಂಬಿ ಅಂಗಾಲಿನಿಂದ ಹಗುರವಾಗಿ ಒತ್ತಿ, ಹಿಮ್ಮಡಿಯಿಂದ ತುಳಿದು ಗಟ್ಟಿ ಮಾಡಬೇಡಿ. ಸುತ್ತ 3 ಅಡಿ ಅಗಲದ ಪಾತಿ ಕಟ್ಟಿ 20 ಲೀಟರ್ ನೀರು ನಿಧಾನವಾಗಿ ಕೊಡಿ.

ಪಾತಿಗೆ 3–4 ಅಂಗುಲ ಮುಚ್ಚಿಗೆ ಹಾಕಿ. ತುಮಕೂರು, ತಿಪಟೂರು ಕಡೆ ತೆಂಗಿನ ಮಟ್ಟೆ ಬೇಕಾದಷ್ಟು, ಬೆನ್ನು ಮೇಲಾಗಿ ಜೋಡಿಸಿ. ಪಾವಗಡ, ಚಿಂತಾಮಣಿ ಕಡೆ ಕಡಲೆಕಾಯಿ ಸಿಪ್ಪೆ ಸಿಗುತ್ತದೆ. ಒಣ ಎಲೆ ಎಲ್ಲೆಡೆ ಇದೆ. ಕಾಂಡಕ್ಕೆ ಮಾತ್ರ ಮುಚ್ಚಿಗೆ ತಾಗಬಾರದು, 3 ಅಂಗುಲ ಬಿಡಿ.

ಆಧಾರಕ್ಕೆ ಎರಡು ಗಳ, ಉಂಡೆಯ ಆಚೆಗೆ ಊರಿ. ಸಸಿಯ ಎತ್ತರದ ಮೂರನೇ ಒಂದು ಭಾಗದಲ್ಲಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಸಸಿ ಗಾಳಿಗೆ ಸ್ವಲ್ಪ ಆಡಬೇಕು, ಆಡಿದರೇ ಬುಡ ದಪ್ಪವಾಗುವುದು. ನೈಲಾನ್ ಹಗ್ಗ, ಕಟ್ಟುವ ತಂತಿ ತೊಗಟೆ ಕೊಯ್ಯುತ್ತವೆ. ಒಂದೂವರೆ ವರ್ಷಕ್ಕೆ ಗಳ ತೆಗೆದುಬಿಡಿ.

ನೀರು, ಮೂರು ವರ್ಷ

ಸಸಿ ಸಾಯುವುದು ನೆಟ್ಟ ತಿಂಗಳಲ್ಲಲ್ಲ, ಅದರ ಮೊದಲ ಫೆಬ್ರವರಿಯಿಂದ ಮೇ ನಡುವೆ. ದಿನಾ ಒಂದು ಚೊಂಬು ನೀರು ಹಾಕುವ ಪ್ರೀತಿ ಸಸಿಯನ್ನು ಕೆಡಿಸುತ್ತದೆ. ಮೇಲಿನ ಎರಡು ಅಂಗುಲ ಮಾತ್ರ ನೆನೆಯುವುದರಿಂದ ಬೇರು ಅಲ್ಲೇ ಉಳಿಯುತ್ತದೆ, ನೀವು ನಾಲ್ಕು ದಿನ ಊರಿಗೆ ಹೋದರೆ ಒಣಗುತ್ತದೆ. ಅಪರೂಪಕ್ಕೆ, ಆದರೆ ಆಳವಾಗಿ ಕೊಡಿ. ಮೊದಲ ವರ್ಷ ಡಿಸೆಂಬರ್‌ನಿಂದ ಮುಂಗಾರಿನವರೆಗೆ ವಾರಕ್ಕೊಮ್ಮೆ 30–40 ಲೀಟರ್, ಮರಳು ನೆಲವಾದರೆ ಅದನ್ನೇ ಎರಡು ಸಲ ಭಾಗ ಮಾಡಿ. ಎರಡನೇ ಬೇಸಿಗೆ ಹತ್ತು–ಹದಿನೈದು ದಿನಕ್ಕೊಮ್ಮೆ 60 ಲೀಟರ್. ಮೂರನೆಯದಕ್ಕೆ ತಿಂಗಳಿಗೊಮ್ಮೆ ಸಾಕು. ಪಾತಿಯನ್ನೂ ವರ್ಷವರ್ಷ ಹೊರಕ್ಕೆ ಸರಿಸಿ: ನೀರು ಬೇಕಾದ್ದು ಕಾಂಡದ ಬುಡಕ್ಕಲ್ಲ, ಎಲೆಯ ಅಂಚಿನ ಕೆಳಗಿರುವ ಹೊಸ ಬೇರಿಗೆ.

ನೀರು ಕಡಿಮೆ ಇರುವಲ್ಲಿ 8–10 ಲೀಟರಿನ ಮಡಕೆಯ ತಳಕ್ಕೆ ತೂತು ಮಾಡಿ ಹತ್ತಿಬತ್ತಿ ಇಟ್ಟು, ಸಸಿಯಿಂದ ಒಂದು ಅಡಿ ದೂರದಲ್ಲಿ ಕತ್ತಿನವರೆಗೆ ಹೂತು, ಬಾಯಿಗೆ ಹಂಚು ಮುಚ್ಚಿ. ತೆರೆದಿಟ್ಟರೆ ಸೊಳ್ಳೆ ಮೊಟ್ಟೆ ಇಡುತ್ತದೆ. 20 ಲೀಟರಿನ ಹಳೆಯ ಕ್ಯಾನಿನ ತಳದಲ್ಲಿ ಸೂಜಿಗಾತ್ರದ ತೂತು ಮಾಡಿ ಪಾತಿಯಲ್ಲಿಟ್ಟರೂ ಆದೀತು. ಟ್ಯಾಂಕರ್ ಪೈಪನ್ನು ನೇರ ಬುಡಕ್ಕೆ ಬಿಡಬೇಡಿ, ಮಣ್ಣು ಕೊಚ್ಚಿ ಬೇರು ಬಿಡಿಸುತ್ತದೆ. ಗೋಣಿಚೀಲದ ಮೇಲೆ ಬೀಳಲಿ. ಕೊಳವೆಬಾವಿಯ ಗಡಸು ನೀರಾದರೆ ಪಾತಿಯ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಮಳೆಗಾಲದ ಮೊದಲು ಮೇಲಿನ ಪದರ ಕೆರೆದು ತೆಗೆಯಿರಿ. ಬೇಕೋ ಬೇಡವೋ ಅನುಮಾನ ಬಂದಾಗ ಮುಚ್ಚಿಗೆ ಸರಿಸಿ ನಾಲ್ಕು ಅಂಗುಲ ಬೆರಳಲ್ಲಿ ಅಗೆಯಿರಿ, ತೇವ ಇದ್ದರೆ ಬೇಡ.

ಕಾವಲಿಗೆ ಜಾಲಿ ಮುಳ್ಳು, ಕಾರೆ ಮುಳ್ಳು ಸುತ್ತಿದರೂ ಸಾಕು, ಆದರೆ ಬೇವು, ತಪಸಿಯ ಎಳೆ ಸಸಿಗೆ ಐದು ಅಡಿಯ ಟ್ರೀ ಗಾರ್ಡ್ ಬೇಕೇ ಬೇಕು. ಮೇಕೆಗಳಿಗೆ ಅವು ಇಷ್ಟ. ಕಾಂಡ ಕಬ್ಬಿಣಕ್ಕೆ ತಾಗುವ ಮೊದಲು ಗಾರ್ಡ್ ಬಿಚ್ಚಿ ಬೇರೆ ಸಸಿಗೆ ಕೊಡಿ. ಬಿಟ್ಟರೆ ಮರ ಕಬ್ಬಿಣವನ್ನೇ ನುಂಗಿ ಅಲ್ಲಿಂದ ಕೊಳೆಯುತ್ತದೆ.

ಕೊಂಬೆ ಕತ್ತರಿಸುವುದು

ಪಕ್ಕದ ಕೊಂಬೆಗಳನ್ನೆಲ್ಲ ಸವರಿ ತುದಿಯಲ್ಲಿ ಮಾತ್ರ ನಾಲ್ಕು ಎಲೆ ಬಿಟ್ಟರೆ ಸಸಿ ಬೇಗ ಎತ್ತರವಾಗುತ್ತದೆ ಎಂಬುದು ಸುಳ್ಳು. ಕೆಳಗಿನ ಕೊಂಬೆಗಳೇ ಕಾಂಡವನ್ನು ದಪ್ಪ ಮಾಡುವುದು. ಎತ್ತರದ ಮೂರನೇ ಎರಡು ಭಾಗ ಸದಾ ಎಲೆ ಇರಲಿ. ವರ್ಷಕ್ಕೆ ಒಂದೆರಡು ಕೆಳಕೊಂಬೆಯಂತೆ ತೆಗೆಯುತ್ತಾ, ಮರ ದೊಡ್ಡದಾಗುವ ಹೊತ್ತಿಗೆ ಕಾಲುದಾರಿಯ ಕಡೆ ಎರಡೂವರೆ ಮೀಟರ್, ರಸ್ತೆಯ ಕಡೆ 5 ಮೀಟರ್ ತೆರವಾಗಿರುವಂತೆ ನೋಡಿಕೊಳ್ಳಿ. ಸಮ ದಪ್ಪದ ಎರಡು ತುದಿ ಕವಲೊಡೆದರೆ ಎಳೆಯದಿದ್ದಾಗಲೇ ಒಂದನ್ನು ಕತ್ತರಿಸಿ. ಇಕ್ಕಟ್ಟಾದ ಕವಲಿನ ನಡುವೆ ತೊಗಟೆ ಸಿಕ್ಕಿಕೊಂಡು ಮರ ಬೆಸೆಯುವುದೇ ಇಲ್ಲ, ಇಪ್ಪತ್ತು ವರ್ಷದ ಮರ ಸೀಳುವುದು ಅಲ್ಲಿಂದಲೇ.

ಕೈಗಾತ್ರಕ್ಕಿಂತ ದಪ್ಪದ ಕೊಂಬೆಯನ್ನು ಮೂರು ಕೊಯ್ತದಲ್ಲಿ ತೆಗೆಯಿರಿ. ಕಾಂಡದಿಂದ ಒಂದು ಅಡಿ ಆಚೆ ಕೆಳಗಿನಿಂದ ಮೂರನೇ ಒಂದು ಭಾಗ. ಅದರಿಂದ ಎರಡು ಅಂಗುಲ ಆಚೆ ಮೇಲಿನಿಂದ ಪೂರ್ತಿ. ಭಾರ ಬಿದ್ದ ಮೇಲೆ ಉಳಿದ ಮೋಟನ್ನು, ಕೊಂಬೆಯ ಬುಡದಲ್ಲಿ ಉಬ್ಬಿದ ಬಳೆಯಂಥ ಭಾಗದ ಹೊರಗೆ. ಆ ಬಳೆಯನ್ನು ಕಾಂಡಕ್ಕೆ ಸಮವಾಗಿ ಕೊಯ್ದರೆ ಗಾಯ ಮುಚ್ಚುವುದಿಲ್ಲ, ಮೋಟು ಬಿಟ್ಟರೂ ಮುಚ್ಚುವುದಿಲ್ಲ. ಒಂದೇ ಮಚ್ಚಿನೇಟಿಗೆ ಕಡಿದರೆ ಭಾರಕ್ಕೆ ತೊಗಟೆ ಕಾಂಡದುದ್ದಕ್ಕೂ ಸಿಗಿದು ಬರುತ್ತದೆ. ಟಾರು, ಬಣ್ಣ ಬಳಿಯುವುದು ಬೇಡ, ಒಳಗೆ ತೇವ ಉಳಿದು ಕೊಳೆತಕ್ಕೆ ನೆರವಾಗುತ್ತದೆ. ಕಾಲ ಜನವರಿ–ಫೆಬ್ರವರಿ. ಒಂದು ಸಲಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಎಲೆ ತೆಗೆಯಬಾರದು.

ಫ್ರಾನ್ಸಿನಲ್ಲಿ ಪ್ಲೇನ್ ಮರಗಳ ತಲೆಯನ್ನು ಪ್ರತಿ ಚಳಿಗಾಲ ಬೋಳಿಸುತ್ತಾರಲ್ಲ, ನಮ್ಮಲ್ಲೇಕೆ ಬೇಡ ಎಂದು ಕೇಳುವವರಿದ್ದಾರೆ. ಅಲ್ಲಿ ಅದನ್ನು ಎಳೆ ಮರದಲ್ಲೇ ಶುರು ಮಾಡಿ, ಒಂದೆರಡು ವರ್ಷಕ್ಕೊಮ್ಮೆ ಅದೇ ಗಂಟಿನ ಮೇಲೆ ಬೆರಳುದಪ್ಪದ ಚಿಗುರನ್ನಷ್ಟೇ ತೆಗೆಯುತ್ತಾರೆ. ಗಂಟಿಗೆ ಗಾಯವೇ ಆಗುವುದಿಲ್ಲ. ಇಲ್ಲಿ ಮೂವತ್ತು ವರ್ಷದ ಮಳೆ ಮರದ ತೊಡೆಗಾತ್ರದ ಕೊಂಬೆಗಳನ್ನು ಮಧ್ಯಕ್ಕೆ ತುಂಡರಿಸುತ್ತೇವೆ. ತುಂಡಿನಿಂದ ಕೊಳೆತ ಒಳಗಿಳಿಯುತ್ತದೆ. ಅದರ ಅಂಚಿನಲ್ಲಿ ಎದ್ದ ಪೊದೆಚಿಗುರು ತೊಗಟೆಗೆ ಅಂಟಿಕೊಂಡಿರುತ್ತದೆಯೇ ಹೊರತು ಮರದ ಒಳಕ್ಕೆ ಬೇರೂರಿರುವುದಿಲ್ಲ. ಐದಾರು ವರ್ಷಕ್ಕೆ ಅದು ದಪ್ಪಗಾಗಿ ಗಾಳಿಗೆ ಕಿತ್ತು ಬೀಳುತ್ತದೆ. ಅಪಾಯ ತಪ್ಪಿಸಲೆಂದು ಮಾಡಿದ ಕೆಲಸ ಅಪಾಯವನ್ನೇ ಬೆಳೆಸಿರುತ್ತದೆ.

ತಂತಿಗೆ ತಾಗುವ ಕೊಂಬೆಯನ್ನು ನೀವೇ ಮುಟ್ಟಬೇಡಿ. ಮೂರೂ ಜಿಲ್ಲೆ ಬೆಸ್ಕಾಂ ವ್ಯಾಪ್ತಿ, 1912ಕ್ಕೆ ಕರೆ ಮಾಡಿ ಲೈನ್ ನಿಲ್ಲಿಸಿಯೇ ಕೆಲಸ ಆಗಬೇಕು. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಸ್ವಂತ ನಿವೇಶನದಲ್ಲಿದ್ದರೂ ಮೊದಲು ಕೇಳಿಕೊಳ್ಳಿ.

ದೊಡ್ಡ ಮರದ ಬುಡ

ಹೊಸದು ನೆಡುವುದಕ್ಕಿಂತ ಇರುವ ಮರದ ಬುಡ ಬಿಡಿಸುವುದು ಹೆಚ್ಚು ಮುಖ್ಯವಾದ ಕೆಲಸ ಎಂದು ನಮ್ಮ ದೃಢ ಅಭಿಪ್ರಾಯ. ಮರದ ನೀರು ಹೀರುವ ಬೇರುಗಳು ಬಹುಪಾಲು ಮೇಲಿನ ಎರಡು ಅಡಿಯೊಳಗೆ, ಕೊಡೆಯ ಅಗಲವನ್ನೂ ಮೀರಿ ತಟ್ಟೆಯಂತೆ ಹರಡಿರುತ್ತವೆ. ಕಾಲುದಾರಿಗೆ ಕಾಂಕ್ರೀಟು ಸುರಿದು ಕಾಂಡಕ್ಕೆ ಕುಣಿಕೆ ಹಾಕಿದಂತೆ ಮುಚ್ಚಿದರೆ ನೀರೂ ಇಲ್ಲ, ಗಾಳಿಯೂ ಇಲ್ಲ. ದೆಹಲಿಯ ಮರಗಳ ಸುತ್ತ 1 ಮೀಟರ್ ಒಳಗಿನ ಕಾಂಕ್ರೀಟು ತೆಗೆಯುವಂತೆ ರಾಷ್ಟ್ರೀಯ ಹಸಿರು ನ್ಯಾಯಪೀಠ 2013ರಲ್ಲಿ ಆದೇಶಿಸಿದೆ. ನಿಮ್ಮ ಬೀದಿಯಲ್ಲಿ ರಸ್ತೆ ಕೆಲಸ ಶುರುವಾದ ದಿನವೇ ಎಂಜಿನಿಯರಿಗೆ ಇದನ್ನು ತಿಳಿಸಿ, ಕನಿಷ್ಠ 4×4 ಅಡಿ ಮಣ್ಣು ಬಿಡಿಸಿಕೊಳ್ಳಿ. ಕಾಂಕ್ರೀಟು ಒಣಗಿದ ಮೇಲೆ ಒಡೆಸುವುದು ಕಷ್ಟ, ಒಡೆಯುವಾಗ ಬ್ರೇಕರ್ ಬೇರನ್ನೂ ಒಡೆಯುತ್ತದೆ.

ಪೈಪು ಹೂಳಲು ಕಾಲುವೆ ತೋಡುವವರಿಗೆ ಒಂದು ಲೆಕ್ಕ ಹೇಳಿ: ಎದೆಯೆತ್ತರದಲ್ಲಿ ಕಾಂಡ ಎಷ್ಟು ಅಗಲವೋ ಅದರ ಹತ್ತರಷ್ಟು ದೂರ ಬಿಡಬೇಕು. 30 ಸೆಂಟಿಮೀಟರ್ ಕಾಂಡಕ್ಕೆ 3 ಮೀಟರ್. ಅನಿವಾರ್ಯವಾದರೆ ಜೆಸಿಬಿ ನಿಲ್ಲಿಸಿ ಕೈಯಲ್ಲಿ ಅಗೆದು ದೊಡ್ಡ ಬೇರಿನ ಕೆಳಗೆ ಪೈಪು ತೂರಿಸಲಿ. ಒಂದು ಬದಿಯ ಬೇರು ಪೂರ್ತಿ ಹೋದ ಮರ ನೆಟ್ಟಗೆ ನಿಂತಂತೆ ಕಂಡರೂ ಮುಂದಿನ ಮೇ ತಿಂಗಳ ಗಾಳಿಗೆ ಆ ಕಡೆಯಿಂದ ಎದುರಿಗೆ ಬೀಳುತ್ತದೆ. ಬುಡಕ್ಕೆ ಅರ್ಧ ಅಡಿಗಿಂತ ಹೆಚ್ಚು ಮಣ್ಣು ಏರಿಸಿ ಕಟ್ಟೆ ಕಟ್ಟುವುದೂ ಅಷ್ಟೇ ಕೆಟ್ಟದ್ದು. ಎರಡು ಮೂರು ವರ್ಷಕ್ಕೆ ತುದಿಯಿಂದ ಒಣಗುತ್ತಾ ಬರುತ್ತದೆ, ಕಾರಣ ಯಾರಿಗೂ ನೆನಪಿರುವುದಿಲ್ಲ. ಮೊಳೆ, ಬ್ಯಾನರ್ ತಂತಿ ಕೀಳಿಸಿ. ಬುಡದಲ್ಲಿ ಕಸ ಸುಡುವುದನ್ನು, ಗಾಡಿಯವರು ಬಿಸಿ ಎಣ್ಣೆ ಚೆಲ್ಲುವುದನ್ನು ಮಾತಾಡಿ ನಿಲ್ಲಿಸಿ.

ಕಾಣುವ ಲಕ್ಷಣಗಳು

ಹೊಂಗೆ ಎಲೆಯ ಮೇಲೆ ಗಂಟು, ಬಿಳಿ ಗೀರು ಕಂಡರೆ ಔಷಧಿ ಹೊಡೆಯಬೇಡಿ. ನುಸಿ, ಎಲೆಕೊರಕದ ಕೆಲಸ ಅದು, ಮರಕ್ಕೆ ಏನೂ ಆಗದು. ಮಳೆಗಾಲದ ಕೊನೆಗೆ ಬೇವಿನ ತುದಿಗಳೆಲ್ಲ ಸುಟ್ಟಂತೆ ಒಣಗುವುದು ಶಿಲೀಂಧ್ರದಿಂದ ಬರುವ ತುದಿ ಒಣಗು ರೋಗ, ಜೊತೆಗೆ ಟೀ ಸೊಳ್ಳೆ ಎಂಬ ಕೀಟದ ಕಾಟ. ದೊಡ್ಡ ಮರ ಬೇಸಿಗೆಗೆ ಸಾಮಾನ್ಯವಾಗಿ ಮತ್ತೆ ಚಿಗುರುತ್ತದೆ, ಹೆದರಿ ಕಡಿಯಬೇಡಿ. ಎಳೆ ಮರದ ಒಣತುದಿ ಕತ್ತರಿಸಿ ಸುಟ್ಟುಹಾಕಿ. ಕೊಂಬೆಯ ಮೇಲೆ ಬೇರೆಯದೇ ಎಲೆಯ ಪೊದೆ ಬೆಳೆದರೆ ಅದು ಬದನಿಕೆ, ಅಂಟಿದ ಜಾಗಕ್ಕಿಂತ ಒಂದು ಅಡಿ ಕೆಳಗೆ ಕೊಂಬೆ ತೆಗೆಯಿರಿ. ತೊಗಟೆ ಮೇಲಿನ ಗೆದ್ದಲು ಮಣ್ಣು ದೊಡ್ಡ ಮರದಲ್ಲಾದರೆ ಸತ್ತ ತೊಗಟೆ ತಿನ್ನುತ್ತಿರುತ್ತದೆ, ಪೊರಕೆಯಿಂದ ಕೆಡವಿದರೆ ಸಾಕು. ನಿಜಕ್ಕೂ ಗಾಬರಿಯಾಗಬೇಕಾದ್ದು ಬುಡದಲ್ಲಿ ಕಂದು ಬಣ್ಣದ, ಗಟ್ಟಿ, ಬೀಸಣಿಗೆಯಾಕಾರದ ಅಣಬೆ ಕಂಡಾಗ. ಒಳಗಿನ ಬೇರು ಕೊಳೆತಿರುವ ಗುರುತು ಅದು. ಅದರ ಕೆಳಗೆ ವಾಹನ ನಿಲ್ಲಿಸುವುದನ್ನು ಅಂದೇ ತಪ್ಪಿಸಿ, ಅರಣ್ಯ ಇಲಾಖೆಗೆ ತಿಳಿಸಿ.

ಗುಡ್ಡಕ್ಕೆ ಹೋಗುವವರಿಗೆ

ಊರಿನಲ್ಲಿ ಕೈಗೂಡಿದ್ದನ್ನು ಗುಡ್ಡದಲ್ಲಿ ಹಾಗೆಯೇ ಮಾಡಬಾರದು. ಅಲ್ಲಿ 3 ಅಡಿ ಗುಣಿ ತೋಡಿದರೆ ತೆಳು ಮಣ್ಣು ಕೊಚ್ಚಿಹೋಗುತ್ತದೆ. ಕಡಿದ ಬೊಡ್ಡೆಗಳು ತಾವೇ ಚಿಗುರುತ್ತವೆ. ಬೆಂಕಿ ಮತ್ತು ಮೇಕೆ ಎರಡನ್ನು ಮೂರು ವರ್ಷ ತಡೆದರೆ ದಿಂಡಿಗ, ಕಮರ, ಮುತ್ತುಗ ನೀವು ನೆಡದೆಯೇ ಎದ್ದು ನಿಲ್ಲುತ್ತವೆ. ಬೊಡ್ಡೆಯಿಂದ ಹೊರಟ ಹತ್ತು ಚಿಗುರಿನಲ್ಲಿ ಎರಡು ಗಟ್ಟಿಯಾದವನ್ನು ಉಳಿಸಿದರೆ ಸಾಕು. ಬೀಜ ಊರುವುದಾದರೆ ಮೊದಲ ಹದ ಮಳೆ ಆದ ಮೇಲೆ, ಪೊದೆಯ ನೆರಳಿನ ಬುಡದಲ್ಲಿ, ಬೀಜದ ಎರಡರಷ್ಟು ಆಳಕ್ಕೆ. ಫೆಬ್ರವರಿಯೊಳಗೆ ಮೂರು ಮೀಟರ್ ಅಗಲದ ಬೆಂಕಿರೇಖೆ ಸವರಬೇಕು. ಮೀಸಲು ಅರಣ್ಯದಲ್ಲಿ ಇಲಾಖೆಯವರ ಜೊತೆಯಲ್ಲೇ ಈ ಕೆಲಸ.

ನೀಲಗಿರಿಯನ್ನು ತರಬೇಡಿ. ನಮ್ಮ ದೇಶಕ್ಕೆ ಅದು ಬಂದದ್ದೇ 1790ರ ಸುಮಾರಿಗೆ ಟಿಪ್ಪುವಿನ ಕಾಲದಲ್ಲಿ, ನಂದಿಬೆಟ್ಟಕ್ಕೆ. ಅಂತರ್ಜಲದ ಕಾರಣಕ್ಕೆ ಹೊಸದಾಗಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿದೆ.

ಮರವಿಲ್ಲದ ಬಯಲೆಲ್ಲ ಪಾಳು ಎಂದೂ ತಿಳಿಯಬೇಡಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು ಹುಲ್ಲುಗಾವಲು. ಕೃಷ್ಣಮೃಗಕ್ಕೆ ದೂರದವರೆಗೆ ನೋಟ ಬೇಕು, ಓಡಲು ಬಯಲು ಬೇಕು. ಅಲ್ಲಿ ಸಸಿ ನೆಟ್ಟರೆ ಅದರ ಮನೆಯನ್ನೇ ಕಿತ್ತುಕೊಂಡಂತೆ. ಕೆರೆ ಏರಿಯ ಮೇಲೂ ದೊಡ್ಡ ಮರ ಬೇಡ: ಸತ್ತ ಬೇರು ಕೊಳೆತ ದಾರಿಯಲ್ಲಿ ನೀರು ಜಿನುಗಿ ಏರಿ ಒಡೆಯಬಹುದು. ಏರಿಯಿಂದ ಕನಿಷ್ಠ 10 ಮೀಟರ್ ಬಿಟ್ಟು, ಹಿನ್ನೀರಿನ ಅಂಚಿನಲ್ಲಿ ಹೊಂಗೆ, ಹೊಳೆಮತ್ತಿ, ನೇರಳೆ ನೆಡಿ. ಅಲ್ಲಿ ಮೊದಲ ಬೇಸಿಗೆಯ ನೀರಿನ ಲೆಕ್ಕವೂ ಅರ್ಧಕ್ಕೆ ಇಳಿಯುತ್ತದೆ.